ಶೇ 35 ಅಂತ ಬರೆದಿದ್ದಾರೆ, ಅಣ್ಣನ ಪಿಂಚಣಿ ಅರ್ಜಿಯನ್ನೇ ತೆಗೆದುಕೊಳ್ಳುತ್ತಿಲ್ಲ. ಉಚಿತ ಕಾನೂನು ನೆರವು ಸಿಗುತ್ತಾ?

ಹೊಳೆಸಾಲು:
ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ವಿಷಯ. ವಯಸ್ಸು 44. ಚಿಕ್ಕವನಿದ್ದಾಗ ಪೋಲಿಯೊ ಆಗಿ ಎಡಗಾಲು ಸಣ್ಣದಾಗಿದೆ. ತೊಡೆ ಮೇಲೆ ಕೈ ಊರಿಕೊಂಡು ನಡೆಯುತ್ತಾನೆ. ಊರಲ್ಲೇ ಟೈಲರ್. ರೆಡಿಮೇಡ್ ಬಟ್ಟೆ ಬಂದ ಮೇಲೆ ಕೆಲಸ ಕಮ್ಮಿ. ಸೀರೆಗೆ ಫಾಲ್ಸ್, ಪ್ಯಾಂಟಿಗೆ ಜಿಪ್, ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್, ಅಷ್ಟೇ.

ಹಿಂದೆ ಯಾವುದೋ ಶಿಬಿರದಲ್ಲಿ ಶೇ 50 ಅಂತ ಕೈಬರಹದ ಸರ್ಟಿಫಿಕೇಟ್ ಕೊಟ್ಟಿದ್ದರು. ಆಗ ಪಿಂಚಣಿ ಬೇಡ ಅಂತ ಅವನೇ ಹಟ ಮಾಡಿದ್ದ. ಈಗ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಕಾರ್ಡ್) ಮಾಡಿಸಲು ಹೋದರೆ ಹೊಸ ಡಾಕ್ಟರು ನೋಡಿ ಶೇ 35 ಬರೆದರು. ಬಿಳಿ ಬಣ್ಣದ ಕಾರ್ಡ್ ಬಂತು. ಅದನ್ನು ಹಿಡಿದುಕೊಂಡು ನಾಡಕಚೇರಿಗೆ ಹೋದರೆ ಕೌಂಟರ್‌ನಲ್ಲಿದ್ದವರು "ನಲವತ್ತು ಇಲ್ಲದೆ ಆಗಲ್ಲ" ಅಂತ ಬಾಯಲ್ಲೇ ಹೇಳಿ ವಾಪಸ್ ಕಳಿಸಿದರು. ಪೇಟೆಯಲ್ಲಿ ಒಬ್ಬ ವಕೀಲರು ಹೈಕೋರ್ಟಿಗೆ ರಿಟ್ ಹಾಕೋಣ, ಖರ್ಚು ಮೊದಲೇ ಕೊಡಿ ಅಂತಿದ್ದಾರೆ. ಅಷ್ಟು ದುಡ್ಡಿದ್ದರೆ ಪಿಂಚಣಿ ಯಾಕೆ ಬೇಕಿತ್ತು? ಉಚಿತ ಕಾನೂನು ನೆರವು ಅಂತ ಕೋರ್ಟಿನ ಗೋಡೆ ಮೇಲೆ ಬರೆದಿರುತ್ತಾರಲ್ಲ, ಅದು ಇಂಥದ್ದಕ್ಕೆಲ್ಲ ಬರುತ್ತಾ?

ಮೂರುಗಾಲಿ:
ಮೊದಲು ಒಂದು ವಿಷಯ ಹೇಳಿ. ಹಿಂಬರಹ, ಅಂದರೆ ಕಾರಣ ಬರೆದ ಉತ್ತರ ಕೊಟ್ಟರಾ? ಇಲ್ಲ ಅಂದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮಣ್ಣ ಅರ್ಜಿ ಹಾಕಿಯೇ ಇಲ್ಲ. ಬಾಯಿಮಾತಿನ 'ಇಲ್ಲ'ದ ಮೇಲೆ ಯಾವ ಮೇಲ್ಮನವಿಯೂ ನಿಲ್ಲಲ್ಲ. ಕಾಗದದಲ್ಲಿ ಬರೆದುಕೊಡಿ ಅಂತ ಕೇಳಬೇಕು. ಕೊಡಲ್ಲ ಅಂದರೆ ಒಂದು ಬಿಳಿ ಹಾಳೆಯಲ್ಲಿ ಮನವಿ ಬರೆದು ತಾಲೂಕು ಕಚೇರಿ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದಕ್ಕೂ ತಕರಾರು ಮಾಡಿದರೆ ಸ್ಪೀಡ್ ಪೋಸ್ಟ್.

ನಾನು ಹುಟ್ಟಿದಾಗಿಂದ ಇದೇ ಕಚೇರಿಗಳ ಮೆಟ್ಟಿಲ ಕೆಳಗೆ ಕೂತವನು. ಮೆಟ್ಟಿಲ ಕೆಳಗೆ ಅಂದಿದ್ದು ಯಾಕೆ ಅಂದರೆ ಮೇಲೆ ಹತ್ತಲು ರ‍್ಯಾಂಪ್ ಇರಲಿಲ್ಲ. ಅಲ್ಲಿ ಕಲಿತಿದ್ದು ಇಷ್ಟೇ, ಸೀಲು ಬಿದ್ದ ಕಾಗದಕ್ಕೆ ಮಾತ್ರ ಉತ್ತರ ಬರುತ್ತೆ.

ನೇರಮಾತು:
ನನ್ನ ಮಾತು ಯಾರಿಗೂ ಇಷ್ಟ ಆಗಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆ ಗೇಟಿನ ಹತ್ತಿರ ಬ್ರೋಕರ್‌ಗಳು ಇರುತ್ತಾರೆ. ಅವರಿಗೆ ಒಂದಿಷ್ಟು ಕೊಟ್ಟರೆ 35 ಇದ್ದದ್ದು 60 ಆಗುತ್ತೆ. ಎಲ್ಲರೂ ಮಾಡಿಸುತ್ತಿದ್ದಾರೆ. ಕಾನೂನು ಗೀನೂನು ಅಂತ ಅಲೆದಾಡಿ ಕಾಲು ಇನ್ನಷ್ಟು ಸವೆಸಬೇಕಾ?

ಮೂರುಗಾಲಿ:
ಎಲ್ಲರೂ ಮಾಡಿಸೋದರಿಂದಲೇ ನಿಜವಾಗಿ ಕಾಲಿಲ್ಲದವನನ್ನೂ ಡಾಕ್ಟರು ಕಳ್ಳನ ಥರ ನೋಡುತ್ತಾರೆ ಸ್ವಾಮಿ. ಸುಮ್ನೆ ಇರಿ.

ಕರಿಕೋಟು:
ನೇರಮಾತು ಅವರಿಗೆ ಒಂದೇ ಸಾಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 91ನೇ ಕಲಂ ಓದಿ. ಸುಳ್ಳು ಹೇಳಿ ಈ ಸವಲತ್ತು ಪಡೆದರೆ ಅಥವಾ ಪಡೆಯಲು ನೋಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಬ್ರೋಕರ್ ಮಾಯ ಆಗುತ್ತಾನೆ, ಕಾರ್ಡ್ ಮೇಲಿರೋದು ನಿಮ್ಮಣ್ಣನ ಫೋಟೊ.

ಹೊಳೆಸಾಲು ಅವರೇ, ನಾನು ಒಂದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ವಕೀಲರ ಪ್ಯಾನಲ್‌ನಲ್ಲಿ ಇದ್ದೇನೆ. ರಾತ್ರಿ ವಿವರವಾಗಿ ಬರೆಯುತ್ತೇನೆ. ಅಷ್ಟರಲ್ಲಿ ಹೇಳಿ, ಅಣ್ಣನಿಗೆ ಕಾಲು ಬಿಟ್ಟು ಬೇರೇನಾದರೂ ತೊಂದರೆ ಇದೆಯಾ? ಕಣ್ಣು, ಕಿವಿ, ಬೆನ್ನು?

ಹೊಳೆಸಾಲು:
ಕಿವಿ ಇದೆ ಸರ್. ಚಿಕ್ಕಂದಿನಿಂದ ಎರಡೂ ಕಿವಿ ಸೋರುತ್ತಿತ್ತು. ಅಮ್ಮ ಏನೇನೋ ಎಣ್ಣೆ ಬಿಡುತ್ತಿದ್ದಳು. ಈಗ ಫೋನ್‌ನಲ್ಲಿ ಮಾತಾಡಿದರೆ ಕೇಳಿಸಲ್ಲ, ಎದುರಿಗೆ ನಿಂತು ಜೋರಾಗಿ ಹೇಳಬೇಕು. ಗಿರಾಕಿ ಹೇಳಿದ ಅಳತೆ ತಪ್ಪಾಗಿ ಕೇಳಿಸಿ ಜಗಳಾನೂ ಆಗಿದೆ. ಆದರೆ ಅದನ್ನು ಯಾರೂ ಅಂಗವೈಕಲ್ಯ ಅಂದುಕೊಂಡೇ ಇಲ್ಲ. ಡಾಕ್ಟರ ಹತ್ತಿರಾನೂ ಹೇಳಿಲ್ಲ.

ಶಬ್ದ ಕಮ್ಮಿ:
ಕಿವಿಯದ್ದು ಯಾವಾಗಲೂ ಹೀಗೇ. ಕಾಲು ಕಾಣುತ್ತೆ, ಕಿವಿ ಕಾಣಲ್ಲ. "ಅವನಿಗೆ ಗಮನ ಇಲ್ಲ" ಅಂತ ಹೇಳಿ ಮುಗಿಸುತ್ತಾರೆ. ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅನ್ನುವ ಪರೀಕ್ಷೆ) ಮಾಡಿಸಿ, ಅನುಮಾನ ಬಂದರೆ ಬೇರಾ (BERA) ಅಂತ ಕಿವಿಯ ನರದ ಪರೀಕ್ಷೆ ಕೇಳುತ್ತಾರೆ. ಮೈಸೂರಿನ ಆಯಿಷ್, ಅಂದರೆ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ಇದಕ್ಕೇ ಹೆಸರುವಾಸಿ. ಆದರೆ ಅಷ್ಟು ದೂರ ಹೋಗಲೇಬೇಕು ಅಂತಿಲ್ಲ, ಜಿಲ್ಲಾಸ್ಪತ್ರೆಯ ಕಿವಿ ವಿಭಾಗದಲ್ಲಿ ಕೇಳಿ ನೋಡಿ.

ಹಳೇ ಲೆಕ್ಕಿಗ:
ಕಂದಾಯ ಇಲಾಖೆಯಲ್ಲಿ ಗ್ರಾಮ ಲೆಕ್ಕಿಗನಾಗಿ ದುಡಿದು ನಿವೃತ್ತನಾದವನು ನಾನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ. ಕೌಂಟರ್‌ನ ಆಚೆ ಬದಿಯಿಂದ ಸ್ವಲ್ಪ ಹೇಳುತ್ತೇನೆ.

ಕೌಂಟರ್‌ನಲ್ಲಿ ಕೂತ ಹುಡುಗ ಕೊಬ್ಬಿನಿಂದ ಹೇಳಿರಲಿಕ್ಕಿಲ್ಲ. ಅಂಗವಿಕಲ ವೇತನಕ್ಕೆ ಶೇ 40 ಬೇಕೇಬೇಕು. ಶೇ 40ರಿಂದ 75ರ ಒಳಗಿದ್ದವರಿಗೆ ತಿಂಗಳಿಗೆ 800 ರೂಪಾಯಿ, 75 ದಾಟಿದವರಿಗೆ 1,400. ಆದರೆ ಅರ್ಜಿಯನ್ನೇ ತೆಗೆದುಕೊಳ್ಳದೆ ಕಳಿಸುವುದು ತಪ್ಪು. ಅರ್ಜಿ ಹಾಕಿದರೆ ಸಕಾಲದ (ಗೊತ್ತಾದ ದಿನದೊಳಗೆ ಸೇವೆ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆ) ಸ್ವೀಕೃತಿ ಸಂಖ್ಯೆ ಬರುತ್ತೆ, ಎಷ್ಟು ದಿನದಲ್ಲಿ ಮುಗಿಸಬೇಕು ಅನ್ನೋದೂ ಆ ರಸೀದಿಯಲ್ಲೇ ಇರುತ್ತೆ. ತಿರಸ್ಕಾರ ಮಾಡಿದರೆ ಕಾರಣ ಬರೆಯಬೇಕು. ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ, ಜಾಸ್ತಿ ಅಂದರೆ 500 ರೂಪಾಯಿ ಪರಿಹಾರವೂ ಸಕಾಲ ಕಾಯ್ದೆಯಲ್ಲಿದೆ. ನಾನು ಕೆಲಸದಲ್ಲಿದ್ದಷ್ಟು ದಿನ ಆ ದುಡ್ಡು ಕೇಳಲು ಬಂದವರನ್ನು ನೋಡಿಲ್ಲ. ಆದರೆ ಆ ಸಂಖ್ಯೆ ಹೇಳಿ ಕೇಳಿದವರ ಫೈಲು ಬೇಗ ಓಡಿದ್ದು ನೋಡಿದ್ದೇನೆ.

ಇನ್ನು ಫೈಲಿನ ದಾರಿ. ನಾಡಕಚೇರಿಯಿಂದ ಗ್ರಾಮ ಆಡಳಿತ ಅಧಿಕಾರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಅವರ ವರದಿ ಮೇಲೆ ಮಂಜೂರಾತಿ. ಸ್ಥಳ ತನಿಖೆಗೆ ಬಂದಾಗ ಅಣ್ಣ ಮನೆಯಲ್ಲಿರಲಿ. ಪಕ್ಕದೂರಿನ ಜಾತ್ರೆಗೆ ಹೋಗಿದ್ದಕ್ಕೆ "ವಾಸವಿಲ್ಲ" ಅಂತ ವರದಿ ಹೋದದ್ದು ಉಂಟು.

ನಿಜವಾಗಿ ಕಷ್ಟ ಕೊಡೋದು ಆದಾಯ. ಕುಟುಂಬದ ವಾರ್ಷಿಕ ಆದಾಯ 32,000ದ ಒಳಗಿರಬೇಕು. ಲೆಕ್ಕ ಹಾಕಿ ನೋಡಿ. ನರೇಗಾದಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. 100 ದಿನ ಮಣ್ಣು ಹೊತ್ತಿದ್ದರೆ 37,000. ಅಂದರೆ ಸರ್ಕಾರವೇ ಕೊಡುವ ಕೂಲಿ ಪೂರ್ತಿ ಸಿಕ್ಕಿದ ಮನೆ, ಸರ್ಕಾರದ್ದೇ ಲೆಕ್ಕದಲ್ಲಿ ಪಿಂಚಣಿಗೆ ಅನರ್ಹ! ಈ ಮಿತಿ ಇಟ್ಟವರು ಯಾವ ಕಾಲದಲ್ಲಿ ಕೂತು ಇಟ್ಟರೋ. ಕೆಳಗಿನ ಸಿಬ್ಬಂದಿ ಎಷ್ಟೋ ಸಲ ಕಣ್ಣುಮುಚ್ಚಿ ಸಹಿ ಹಾಕೋದು ಇದಕ್ಕೇ, ಕೆಲವರು ಇದನ್ನೇ ಹಿಡಿದು ಕಾಸು ಕೀಳೋದೂ ಇದಕ್ಕೇ.

ಇನ್ನೊಂದು, ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ವಿಧವಾ ವೇತನ ಬರುತ್ತಿದ್ದರೆ ಇದೂ ಬೇಕು ಅಂದರೆ ಆಗಲ್ಲ, ಯಾವುದು ಜಾಸ್ತಿಯೋ ಅದನ್ನು ಇಟ್ಟುಕೊಳ್ಳಿ.

ಕರಿಕೋಟು:
ಲೆಕ್ಕಿಗರು ಹೇಳಿದ್ದು ಸರಿ. ಈಗ ನನ್ನ ಪಾಲು. ಸ್ವಲ್ಪ ಉದ್ದ ಆಗುತ್ತೆ, ಸಾವಧಾನವಾಗಿ ಓದಿ.

ಹೈಕೋರ್ಟ್ ವಿಷಯ ಈಗ ಮರೆತುಬಿಡಿ. ರಿಟ್ ಹಾಕಿದರೆ ನ್ಯಾಯಮೂರ್ತಿಗಳು ಮೊದಲು ಕೇಳೋದೇ "ಕಾಯ್ದೆಯಲ್ಲಿ ಮೇಲ್ಮನವಿ ಇದೆಯಲ್ಲ, ಅಲ್ಲಿ ಹೋದಿರಾ" ಅಂತ. 2016ರ ಕಾಯ್ದೆಯ 59ನೇ ಕಲಂನಲ್ಲಿ ಅದು ಇದೆ. ಪ್ರಮಾಣಪತ್ರ ಕೊಟ್ಟ ಪ್ರಾಧಿಕಾರದ ತೀರ್ಮಾನ ಒಪ್ಪಿಗೆ ಆಗದಿದ್ದರೆ ರಾಜ್ಯ ಸರ್ಕಾರ ಗೊತ್ತು ಮಾಡಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದನ್ನು ಬಿಟ್ಟು ನೇರ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋದರೆ ವಕೀಲರಿಗೆ ಲಾಭ, ನಿಮಗಲ್ಲ. ನನ್ನ ವೃತ್ತಿಯವರ ಮೇಲೆ ನಾನೇ ಹೀಗೆ ಹೇಳಬಾರದೇನೋ.

ಆಮೇಲೆ, ನಿಮ್ಮ ಜಗಳ ನಾಡಕಚೇರಿ ಜೊತೆ ಅಲ್ಲ. ಶೇ 35ರ ಕಾರ್ಡ್ ಇಟ್ಟುಕೊಂಡು ತಹಸೀಲ್ದಾರರ ಮೇಲೆ ಎಷ್ಟು ಮೇಲ್ಮನವಿ ಹಾಕಿದರೂ ಅವರು ಕಾರ್ಡ್ ತೋರಿಸಿ ಕೈ ಎತ್ತುತ್ತಾರೆ, ಅದು ನ್ಯಾಯವೇ. ಜಗಳ ಇರೋದು ಆ 35 ಅನ್ನೋ ಸಂಖ್ಯೆ ಜೊತೆ. ಅದು ಆಸ್ಪತ್ರೆಯಲ್ಲಿ ಹುಟ್ಟಿದ್ದು, ಅಲ್ಲೇ ಸರಿಯಾಗಬೇಕು.

ಇಲ್ಲಿ ಕಿವಿ ಬರುತ್ತೆ. ಒಬ್ಬರಿಗೆ ಎರಡು ಬಗೆಯ ತೊಂದರೆ ಇದ್ದರೆ ಎರಡನ್ನೂ ಬೇರೆ ಬೇರೆ ಅಳೆದು ಒಂದು ಸೂತ್ರದಲ್ಲಿ ಸೇರಿಸಬೇಕು ಅಂತ ಕೇಂದ್ರ ಸರ್ಕಾರದ ಮೌಲ್ಯಮಾಪನ ಮಾರ್ಗಸೂಚಿಯಲ್ಲೇ ಇದೆ. ಸುಮ್ನೆ ಕೂಡಿಸೋದಲ್ಲ. ಜಾಸ್ತಿ ಇರುವ ಅಂಕವನ್ನು ಹಾಗೇ ಇಟ್ಟುಕೊಳ್ಳಿ. 90ರಿಂದ ಅದನ್ನು ಕಳೆಯಿರಿ. ಬಂದದ್ದನ್ನು ಕಡಿಮೆ ಅಂಕದಿಂದ ಗುಣಿಸಿ 90ರಿಂದ ಭಾಗಿಸಿ. ಅದನ್ನು ಮೊದಲಿನ ಅಂಕಕ್ಕೆ ಸೇರಿಸಿ. ಉದಾಹರಣೆಗೆ ಅಣ್ಣನ ಕಾಲಿಗೆ 35, ಕಿವಿಗೆ 18 ಬಂತು ಅಂತ ಇಟ್ಟುಕೊಳ್ಳಿ. 90ರಲ್ಲಿ 35 ಹೋದರೆ 55. ಅದನ್ನು 18ರಿಂದ ಗುಣಿಸಿದರೆ 990. 90ರಿಂದ ಭಾಗಿಸಿದರೆ 11. ಒಟ್ಟು 46. ಗಡಿ ದಾಟಿತು ಅಲ್ವಾ?

ಕಿವಿಗೆ 18 ಬರುತ್ತೆ ಅಂತ ನಾನು ಹೇಳುತ್ತಿಲ್ಲ, ಎಷ್ಟು ಬರುತ್ತೋ ಪರೀಕ್ಷೆ ಹೇಳಬೇಕು. 10 ಬಂದರೂ 41 ದಾಟುತ್ತೆ ಅನ್ನೋದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಅಣ್ಣನ ಅರ್ಜಿಯಲ್ಲಿ ಕಾಲಿನ ತೊಂದರೆ ಅಂತಷ್ಟೇ ತುಂಬಿದ್ದಾರೆ. ಡಾಕ್ಟರು ಕಾಲು ಮಾತ್ರ ನೋಡಿದರು. ಅವರನ್ನೂ ದೂರುವ ಹಾಗಿಲ್ಲ, ಸಾಲು ಅಷ್ಟುದ್ದ ಇರುತ್ತೆ.

ಕಾನೂನು ನೆರವು ಬರುತ್ತಾ ಅಂತ ಕೇಳಿದಿರಿ. ಖಂಡಿತ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ ಯಾರ್ಯಾರಿಗೆ ಉಚಿತ ಸೇವೆ ಅಂತ ಪಟ್ಟಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಕಾರ್ಖಾನೆ ಕಾರ್ಮಿಕರು, ಹಾಗೇ ಅಂಗವೈಕಲ್ಯ ಇರುವವರು. ಇವರಿಗೆ ಆದಾಯದ ಮಿತಿ ಇಲ್ಲ. ಮಿತಿ ಇರೋದು ಉಳಿದವರಿಗೆ. ಮತ್ತೆ, ಕಾನೂನು ಸೇವೆ ಅಂದರೆ ಕೋರ್ಟಿನ ಕೇಸು ಮಾತ್ರ ಅಲ್ಲ. ಬೇರೆ ಪ್ರಾಧಿಕಾರಗಳ ಮುಂದೆ ಹಾಜರಾಗೋದು, ಸಲಹೆ ಕೊಡೋದು, ಎಲ್ಲ ಅದರಲ್ಲಿ ಸೇರಿದೆ. ಆಸ್ಪತ್ರೆಗೆ ಪತ್ರ, ಮೇಲ್ಮನವಿ, ಪಿಂಚಣಿ ಅರ್ಜಿ, ಯಾವುದಕ್ಕೂ ಬರುತ್ತೆ.

ಎಲ್ಲಿಗೆ ಹೋಗಬೇಕು ಅಂದರೆ ನಿಮ್ಮ ತಾಲೂಕು ಕೋರ್ಟಿನ ಆವರಣಕ್ಕೆ. ಅಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ ಇರುತ್ತೆ, ತಾಲೂಕಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಒಂದು ಪುಟದ ಅರ್ಜಿ ತುಂಬಬೇಕು. ಬರೆಯಲು ಬರದಿದ್ದರೆ ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ದೇಶಕ್ಕೆಲ್ಲ ಒಂದೇ ಸಹಾಯವಾಣಿ.

ನೇರಮಾತು:
ಉಚಿತ ವಕೀಲರ ಬಗ್ಗೆ ನಮ್ಮ ಕಡೆ ಒಳ್ಳೇ ಮಾತಿಲ್ಲ ಸರ್. ನಮ್ಮ ದೊಡ್ಡಪ್ಪನ ಜಮೀನು ಕೇಸಿಗೆ ಕೊಟ್ಟ ವಕೀಲರು ವಾಯಿದೆ ದಿನ ಬರುತ್ತಲೇ ಇರಲಿಲ್ಲ. ಬಂದ ದಿನ ಬಸ್ ಚಾರ್ಜು ಕೇಳಿದರು.

ಕರಿಕೋಟು:
ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ನಮಗೆ ಸಿಗುವ ಗೌರವಧನವೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಪ್ಯಾನಲ್ ವಕೀಲರು ಕಕ್ಷಿದಾರರ ಹತ್ತಿರ ಒಂದು ರೂಪಾಯಿ ಕೇಳುವ ಹಾಗಿಲ್ಲ. ಕೇಳಿದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದುಕೊಡಿ. ಅವರು ಸಿವಿಲ್ ನ್ಯಾಯಾಧೀಶರು. ಬೇರೆ ವಕೀಲರನ್ನು ಕೊಡಿ ಅಂತಲೂ ಕೇಳಬಹುದು. ಜಮೀನು ಕೇಸು ವರ್ಷಗಟ್ಟಲೆ ಎಳೆಯುತ್ತೆ, ಅಲ್ಲಿ ಸೋಮಾರಿತನ ನಡೆಯುತ್ತೆ. ಪಿಂಚಣಿ ವಿಷಯಕ್ಕೆ ಬೇಕಿರೋದು ಎರಡು ಒಳ್ಳೇ ಪತ್ರ, ಬೆನ್ನು ಹತ್ತುವ ಒಬ್ಬ ಮನುಷ್ಯ. ಆ ಮನುಷ್ಯ ಎಷ್ಟೋ ಕಡೆ ವಕೀಲರಲ್ಲ, ಅರೆ ಕಾನೂನು ಸ್ವಯಂಸೇವಕರು. ಊರವರೇ ಇರುತ್ತಾರೆ, ಯಾವ ಟೇಬಲ್ಲಿನಲ್ಲಿ ಫೈಲು ಮಲಗಿದೆ ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಊರಿನ ವಿಆರ್‌ಡಬ್ಲ್ಯು:
ನಮ್ಮನ್ನೂ ಮರೀಬೇಡಿ! ಒಂದೊಂದು ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೆ ಒಬ್ಬ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅಂತ ವ್ಯವಸ್ಥೆ. ನಮ್ಮಲ್ಲಿ ಬಹಳ ಜನ ನಾವೇ ವಿಕಲಚೇತನರು. ಯುಡಿಐಡಿಯ ಸ್ವಾವಲಂಬನ ಪೋರ್ಟಲ್‌ನಲ್ಲಿ ಅರ್ಜಿ ತುಂಬೋದು, ಶಿಬಿರದ ದಿನ ಕರೆದುಕೊಂಡು ಹೋಗೋದು ನಮ್ಮ ಕೆಲಸ. ಹೊಳೆಸಾಲು ಅಣ್ಣ, ಹೊಸದಾಗಿ ಅರ್ಜಿ ಹಾಕುವಾಗ "ಬಹುವಿಧ" ಅನ್ನೋದನ್ನು ಆಯ್ಕೆ ಮಾಡಿಸಿ, ಕಾಲು ಕಿವಿ ಎರಡನ್ನೂ ಗುರುತು ಹಾಕಿಸಿ. ಸೈಬರ್ ಅಂಗಡಿ ಹುಡುಗರು ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿ ಕಳಿಸುತ್ತಾರೆ. ಈ ಪಟ್ಟಿಯಲ್ಲಿ ಈಗ 21 ಬಗೆ ಇದೆ, 1995ರ ಹಳೇ ಕಾಯ್ದೆಯಲ್ಲಿ ಏಳೇ ಇತ್ತು. ಪಾರ್ಕಿನ್ಸನ್, ಹಿಮೋಫೀಲಿಯಾ, ಕುಡುಗೋಲು ಕಣ ರೋಗ, ಆಸಿಡ್ ದಾಳಿಗೆ ಒಳಗಾದವರು, ಎಲ್ಲ ಸೇರಿದ್ದಾರೆ. ನಮ್ಮೂರಲ್ಲಿ ಒಬ್ಬರು ಅಜ್ಜನಿಗೆ ಕೈ ನಡುಗೋದು ವಯಸ್ಸಿಂದ ಅಂತಲೇ ಬಿಟ್ಟಿದ್ದರು.

ಪುಟ್ಟನ ಅಮ್ಮ:
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗನಿಗೆ ಆಟಿಸಂ, 16 ವರ್ಷ. ಅವನಿಗೆ ಕಾರ್ಡ್ ಇದೆ. ನನಗೆ ಕಾನೂನು ನೆರವು ಬೇಕಾಗಿರೋದು ಬೇರೆ ಕಾರಣಕ್ಕೆ. 18 ತುಂಬಿದ ಮೇಲೆ ಬ್ಯಾಂಕಿನವರು "ಅವರೇ ಸಹಿ ಹಾಕಬೇಕು" ಅಂತಾರಂತೆ. ಅವನು ಸಹಿ ಹಾಕಲ್ಲ. ತಾಯಿ ನಾನೇ ಇದ್ದೇನಲ್ಲ, ಸಾಲಲ್ವಾ?

ಕರಿಕೋಟು:
ಕಾನೂನಿನ ಕಣ್ಣಿಗೆ ಸಾಲದು ಮೇಡಂ. 18ರವರೆಗೆ ನೀವು ಸಹಜ ಪೋಷಕರು, ಆಮೇಲೆ ಅವನು ವಯಸ್ಕ. ಆದರೆ ದಾರಿ ಸುಲಭ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ನಾಲ್ಕು ಬಗೆಯವರಿಗೆ ಅನ್ವಯಿಸುತ್ತೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ. ಅದರ ಕೆಳಗೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತೆ. ಅಲ್ಲಿ ಅರ್ಜಿ ಹಾಕಿದರೆ ನಿಮ್ಮನ್ನೇ ಕಾನೂನುಬದ್ಧ ಪೋಷಕರು ಅಂತ ನೇಮಿಸುತ್ತಾರೆ, ಕೋರ್ಟಿಗೆ ಹೋಗಬೇಕಿಲ್ಲ. ಜೊತೆಗೆ ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ನೋಡಿ, ವರ್ಷಕ್ಕೆ ಒಂದು ಲಕ್ಷದವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ. ಇದು ಇನ್ನೂ ದೊಡ್ಡ ವಿಷಯ, ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಪೀಣ್ಯ ಶಿಫ್ಟ್:
ನನಗೂ ಒಂದು ಡೌಟು. ಎರಡು ವರ್ಷದ ಹಿಂದೆ ಬೈಕಿಗೆ ಲಾರಿ ಗುದ್ದಿ ಬಲಗೈ ಹೋಗಿದೆ, ಅಂದರೆ ಇದೆ ಆದರೆ ಮಡಿಸಲು ಆಗಲ್ಲ. ಅಪಘಾತ ಪರಿಹಾರದ ಕೇಸಿನಲ್ಲಿ ಡಾಕ್ಟರು ಸಾಕ್ಷಿ ಹೇಳಿ ಕೈಗೆ ಶೇ 45 ಅಂತ ಬರೆದಿದ್ದಾರೆ. ಅದನ್ನೇ ತೋರಿಸಿ ಪಿಂಚಣಿ ತೆಗೆದುಕೊಳ್ಳಬಹುದಾ?

ಕರಿಕೋಟು:
ಆಗಲ್ಲ. ಆ ಕಾಗದದಲ್ಲೇ ಕೆಳಗೆ "ಇಡೀ ದೇಹಕ್ಕೆ ಶೇ 15" ಅಂತಲೋ ಮತ್ತೊಂದೋ ಇರಬಹುದು, ಹುಡುಕಿ ನೋಡಿ. ಪರಿಹಾರ ಕೇಸಿನ ಲೆಕ್ಕವೇ ಬೇರೆ. ಅಲ್ಲಿ ನೋಡೋದು ನಿಮ್ಮ ದುಡಿಮೆ ಎಷ್ಟು ಕಮ್ಮಿಯಾಯಿತು ಅಂತ. ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಡ್ರೈವರಿಗೂ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲ ಅಂತ. ಯುಡಿಐಡಿಯಲ್ಲಿ ನಿಮ್ಮ ಕೆಲಸ ಏನು ಅಂತ ನೋಡಲ್ಲ, ಕೀಲು ಎಷ್ಟು ಮಡಿಸುತ್ತೆ, ಸ್ನಾಯುವಿಗೆ ಎಷ್ಟು ಶಕ್ತಿ ಇದೆ ಅಂತ ಅಳೆಯುತ್ತಾರೆ. ಬೇರೆಯಾಗಿ ಪರೀಕ್ಷೆ ಮಾಡಿಸಿ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ ಅದರ ವೈದ್ಯಕೀಯ ಮಂಡಳಿ ಮತ್ತೊಂದು. ಒಂದೇ ಕೈಗೆ ಮೂರು ಸಂಖ್ಯೆ ಬಂದರೆ ಗಾಬರಿ ಆಗಬೇಡಿ.

ಪುಣೆ ಕನ್ನಡಿಗ:
ಗಡಿಯಾಚೆ ಇರುವವರಿಗೆ ಒಂದು ಮಾತು. ಯುಡಿಐಡಿ ಇಡೀ ದೇಶಕ್ಕೆ ನಡೆಯುತ್ತೆ, ಪಿಂಚಣಿ ಮಾತ್ರ ಆಯಾ ರಾಜ್ಯದ್ದು. ನಾನು ವಿಜಯಪುರ ಕಡೆಯವನು, ಇಲ್ಲಿ ಬಂದು ಪಡಿತರ ಚೀಟಿ ಬದಲಾಯಿಸಿಕೊಂಡೆ. ಅಲ್ಲಿಯ ಪಿಂಚಣಿ ಬಿಟ್ಟು ಇಲ್ಲಿ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಎರಡೂ ಕಡೆ ಇಟ್ಟುಕೊಳ್ಳೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಆಧಾರ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಹೊಳೆಸಾಲು:
ಎಲ್ಲರಿಗೂ ಏನಾಯಿತು ಅಂತ ಹೇಳಬೇಕಲ್ಲ.

ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋದೆವು. ಅಣ್ಣ ಕೋರ್ಟಿನ ಒಳಗೆ ಬರಲು ಹೆದರಿ ಹೊರಗೆ ಹುಣಸೆಮರದ ಕೆಳಗೇ ನಿಂತಿದ್ದ. ಒಳಗಿದ್ದ ಮೇಡಂ, ಅರೆ ಕಾನೂನು ಸ್ವಯಂಸೇವಕಿ, ತಾವೇ ಹೊರಗೆ ಬಂದು ಅವನ ಹತ್ತಿರ ಮಾತಾಡಿ ಅರ್ಜಿ ಬರೆದುಕೊಂಡರು. ಪ್ಯಾನಲ್ ವಕೀಲರೊಬ್ಬರನ್ನು ಕೊಟ್ಟರು, ಹುಡುಗ, ನನಗಿಂತ ಚಿಕ್ಕವನು. ಆತ ಮೇಲ್ಮನವಿ ಈಗಲೇ ಬೇಡ, ಮೊದಲು ಕಿವಿ ಪರೀಕ್ಷೆ ಮಾಡಿಸಿ ಮರುಮೌಲ್ಯಮಾಪನ ಕೇಳೋಣ ಅಂದ. ಆಸ್ಪತ್ರೆಗೆ ಎರಡು ಪತ್ರ ಹೋಯಿತು. ಒಂದರಲ್ಲಿ ಶೇ 35 ಹೇಗೆ ಬಂತು ಅನ್ನುವ ಪರೀಕ್ಷಾ ಹಾಳೆಯ ನಕಲು ಕೇಳಿದ, ಮಾಹಿತಿ ಹಕ್ಕಿನಲ್ಲಿ. ಬಿಪಿಎಲ್ ಚೀಟಿ ಇದ್ದರೆ ಅದಕ್ಕೆ ಹತ್ತು ರೂಪಾಯಿ ಶುಲ್ಕವೂ ಇಲ್ಲವಂತೆ. ಇನ್ನೊಂದರಲ್ಲಿ ಎರಡೂ ತೊಂದರೆ ಸೇರಿಸಿ ನೋಡಿ ಅಂತ, ಆ ಸೂತ್ರವನ್ನೂ ಬರೆದು.

ಕಿವಿ ಪರೀಕ್ಷೆಗೆ ಸ್ವಲ್ಪ ದಿನ ಹಿಡಿಯಿತು. ಮೊದಲು ಸೋರುವುದು ನಿಲ್ಲಲಿ ಅಂತ ಔಷಧಿ ಕೊಟ್ಟು ಆಮೇಲೆ ಆಡಿಯೋಗ್ರಾಮ್ ಮಾಡಿದರು. ಮರುಮೌಲ್ಯಮಾಪನದ ದಿನ ಡಾಕ್ಟರು ಪತ್ರ ನೋಡಿ "ವಕೀಲರನ್ನು ಯಾಕೆ ಕರೆದುಕೊಂಡು ಬಂದ್ರಿ, ನನಗೇ ಹೇಳಿದ್ರೆ ಆಗ್ತಿತ್ತಲ್ಲ" ಅಂದರು. ಅವರು ಕೆಟ್ಟವರೇನಲ್ಲ. ಹೇಳಬೇಕು ಅಂತ ಗೊತ್ತಿದ್ದರೆ ತಾನೇ ಹೇಳೋದು? ಒಟ್ಟು ಶೇ 44 ಬಂತು. ಹಳದಿ ಕಾರ್ಡ್.

ಅಣ್ಣನಿಗೆ ಕಾರ್ಡಿಗಿಂತ ದೊಡ್ಡ ಸುದ್ದಿ ಬೇರೆ ಇತ್ತು. ಯಂತ್ರ ಹಾಕಿಕೊಂಡರೆ ಕೇಳಿಸುತ್ತೆ ಅಂತ ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ಹೇಳಿದರು.

ಆದಾಯ ಪತ್ರ ಮಿತಿಯೊಳಗೇ ಬಂತು. ಸಕಾಲ ರಸೀದಿಯನ್ನು ಜೇಬಲ್ಲಿಟ್ಟುಕೊಂಡೇ ಓಡಾಡಿದೆ. ಮಂಜೂರಾತಿ ಆದೇಶವೂ ಕೈಗೆ ಬಂದಿದೆ. ಆದರೆ ದುಡ್ಡು ಇನ್ನೂ ಬಂದಿಲ್ಲ. ಕಚೇರಿಯಲ್ಲಿ ಕೇಳಿದರೆ "ಹಾಕಿದ್ದೇವೆ" ಅಂತಾರೆ, ಬ್ಯಾಂಕಿನಲ್ಲಿ ಕೇಳಿದರೆ "ಬಂದಿಲ್ಲ" ಅಂತಾರೆ.

ಹಳೇ ಲೆಕ್ಕಿಗ:
ಇಬ್ಬರೂ ನಿಜ ಹೇಳುತ್ತಿದ್ದಾರೆ. ಈಗ ದುಡ್ಡು ಖಾತೆ ನಂಬರ್ ನೋಡಿ ಹೋಗಲ್ಲ, ಆಧಾರ್ ಯಾವ ಬ್ಯಾಂಕಿಗೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಕೊನೆಯ ಸಲ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಅದೇ ನಿಲ್ಲುತ್ತೆ. ಅಣ್ಣ ಹಿಂದೆ ಯಾವುದಾದರೂ ಸಾಲಕ್ಕೆ, ಗ್ಯಾಸ್ ಸಬ್ಸಿಡಿಗೆ ಬೇರೆ ಖಾತೆ ತೆಗೆದಿದ್ದನಾ? ಅದರ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ.

ಕರಿಕೋಟು:
ಶೇ 44 ಬಂದದ್ದು ಸಂತೋಷ. ಆ ಹುಡುಗ ವಕೀಲನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ, ಮೇಲ್ಮನವಿಗೆ ಅವಸರ ಮಾಡದೆ ಇದ್ದದ್ದೇ ಜಾಣತನ.

ಇಲ್ಲಿ ನನ್ನದೊಂದು ಹೊಟ್ಟೆಯುರಿ. 2016ರ ಕಾಯ್ದೆಯ 24ನೇ ಕಲಂ ಪ್ರಕಾರ ಉಳಿದವರಿಗಿರುವ ಇಂಥದ್ದೇ ಯೋಜನೆಗಿಂತ ವಿಕಲಚೇತನರಿಗೆ ಕನಿಷ್ಠ ಶೇ 25 ಜಾಸ್ತಿ ಕೊಡಬೇಕು. ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200. ಅದಕ್ಕೆ ಕಾಲು ಭಾಗ ಸೇರಿಸಿದರೆ 1,500. ನಿಮ್ಮಣ್ಣನಿಗೆ ಬರೋದು 800. ಶೇ 75 ದಾಟಿದವರಿಗೂ 1,400. ಇದು ಒಬ್ಬ ಅಣ್ಣನ ಅರ್ಜಿಯಿಂದ ಸರಿಹೋಗುವ ವಿಷಯ ಅಲ್ಲ. ಯಾವುದಾದರೂ ಸಂಘ ಮುಂದೆ ಬಂದು ರಾಜ್ಯದ ವಿಕಲಚೇತನರ ಆಯುಕ್ತರ ಮುಂದೆ ಇಡಬೇಕು. ಅಲ್ಲಿಗೆ ದೂರು ಕೊಡಲು ಕೋರ್ಟ್ ಫೀಸು ಬೇಡ, ಸಮನ್ಸ್ ಕಳಿಸುವ, ಕಡತ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಯಾರಿಗಾದರೂ ಆಸಕ್ತಿ ಇದ್ದರೆ ಕರಡು ನಾನು ಬರೆದುಕೊಡುತ್ತೇನೆ, ಫೀಸು ಬೇಡ.

ಮೂರುಗಾಲಿ:
ನಮ್ಮ ತಾಲೂಕು ಸಂಘದಿಂದ ನಾನು ಬರುತ್ತೇನೆ. ಖಾಸಗಿ ಸಂದೇಶ ಕಳಿಸಿದ್ದೇನೆ, ನೋಡಿ ಸರ್.

ಹೊಳೆಸಾಲು:
ಲೆಕ್ಕಿಗರು ಹೇಳಿದ್ದೇ ಆಗಿದೆ! ಸಂಘದ ಸಾಲಕ್ಕೆ ಅತ್ತಿಗೆ ಮಾತು ಕೇಳಿ ತೆಗೆದ ಖಾತೆಯಲ್ಲಿ ದುಡ್ಡು ಬಂದು ಕೂತಿತ್ತು. ಕರಿಕೋಟು ಸರ್, ನಿಮ್ಮ ಶಹಬ್ಬಾಸ್ ಆ ಹುಡುಗ ವಕೀಲನಿಗೆ ಹೇಳಿದೆ, ನಾಚಿಕೊಂಡ. ಈಗ ಉಳಿದಿರೋದು ಕಿವಿ ಯಂತ್ರ. ಅಂಗಡಿಯಲ್ಲಿ ಬೆಲೆ ಕೇಳಿ ಅಣ್ಣ ಬೇಡ ಅಂತ ಎದ್ದು ಬಂದ.

ಶಬ್ದ ಕಮ್ಮಿ:
ಅಂಗಡಿ ಬಿಡಿ. ಶೇ 40 ದಾಟಿತಲ್ಲ, ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ ಇದೆ. ತಿಂಗಳ ಆದಾಯ 22,500ದ ಒಳಗಿದ್ದರೆ ಯಂತ್ರ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಆ ಸಾಧನ ತಯಾರಿಸುವ ಸರ್ಕಾರಿ ಕಂಪನಿ ಅಲಿಮ್ಕೋದ ಶಿಬಿರ ನಿಮ್ಮ ಜಿಲ್ಲೆಯಲ್ಲಿ ಯಾವಾಗ ಅಂತ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ಆಡಿಯೋಗ್ರಾಮ್ ನಕಲು ತೆಗೆದುಕೊಂಡು ಹೋಗಿ. ಕಿವಿ ಸೋರುತ್ತಿದ್ದರೆ ಯಂತ್ರ ಕೊಡಲ್ಲ, ಔಷಧಿ ನಿಲ್ಲಿಸಬೇಡಿ. ಮತ್ತೆ ಅಣ್ಣನಿಗೆ ಮೊದಲೇ ಹೇಳಿಡಿ, ಶುರುವಿನಲ್ಲಿ ಹೊಲಿಗೆ ಯಂತ್ರದ ಸದ್ದು ತಲೆ ಚಿಟ್ಟು ಹಿಡಿಸುತ್ತೆ. ಕೆಲಸಕ್ಕೆ ಕೂತಾಗ ವಾಲ್ಯೂಮ್ ಕಮ್ಮಿ ಇಟ್ಟುಕೊಂಡು, ಗಿರಾಕಿ ಬಂದಾಗ ಏರಿಸಿಕೊಳ್ಳಲಿ.